ಹಿಂದೆ ಹೇಳುವವಳು

ಹಳ್ಳಿಮೈಸೂರಿನ ರಾಮಣ್ಣನ ಮನೆಯಲ್ಲಿ ಇಬ್ಬರು ಸೊಸೆಯರು. ಒಬ್ಬರನ್ನು ಕಂಡರೆ ಒಬ್ಬರಿಗೆ ಹೊಟ್ಟೆಕಿಚ್ಚು. ಈ ಮಾತನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ, ಡೈರಿಗೆ ಹಾಲು ಹಾಕಲು ಬರುವವರಿಗೆಲ್ಲ ಗೊತ್ತಿದ್ದ ವಿಷಯ ಅದು. ಗೊತ್ತಿಲ್ಲದವನು ಅಂತ ಇದ್ದರೆ ರಾಮಣ್ಣ ಒಬ್ಬನೇ. ಹೊತ್ತಿಗೆ ಸರಿಯಾಗಿ ತಟ್ಟೆಗೆ ಬಿಸಿ ಮುದ್ದೆ ಬಿದ್ದರೆ ಮನೆಯಲ್ಲಿ ಎಲ್ಲವೂ ಸರಿಯಾಗಿದೆ ಎಂದು ಅವನು ತಿಳಿದುಕೊಳ್ಳುತ್ತಿದ್ದ.

ಹಿರಿಯ ಸೊಸೆ ರೂಪಶ್ರೀ, ದೊಡ್ಡ ಮಗ ನಟರಾಜುವಿನ ಹೆಂಡತಿ. ಕೊರವಂಗಲದಿಂದ ಬಂದು ಹದಿನಾಲ್ಕು ವರ್ಷವಾಗಿತ್ತು. ಐದು ಗಂಟೆಗೆ ಎದ್ದು ಮೂರು ಹಸುವಿನ ಹಾಲು ಕರೆದು, ಕೊಟ್ಟಿಗೆ ಬಾಚಿ, ಎಂಟು ಜನಕ್ಕೆ ತಿಂಡಿ ಮಾಡಿ, ತನ್ನ ಇಬ್ಬರು ಮಕ್ಕಳನ್ನು ಸ್ಕೂಲ್ ವ್ಯಾನು ಹತ್ತಿಸುವ ಹೊತ್ತಿಗೆ ಅವಳ ಸೆರಗು ಎರಡು ಸಲ ನೆನೆದು ಎರಡು ಸಲ ಒಣಗಿರುತ್ತಿತ್ತು. ಕಿರಿಯವಳು ಭವ್ಯಶ್ರೀ, ಹೊಳೆನರಸೀಪುರದ ಪಂಪ್‌ಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದ ದೇವರಾಜನ ಹೆಂಡತಿ. ಹಾಸನದ ಪೇಟೆಯಲ್ಲಿ ಬೆಳೆದು ಬಿ.ಕಾಂ. ಮುಗಿಸಿದವಳು, ಈ ಮನೆಗೆ ಬಂದು ಎರಡು ವರ್ಷ. ಬೆಳಿಗ್ಗೆ ಪಾತ್ರೆ ತೊಳೆದು, ಮನೆ ಒರೆಸಿ, ಹತ್ತು ಗಂಟೆಗೆ ಕಿವಿಗೆ ಹೆಡ್‌ಫೋನ್ ಏರಿಸಿ ನಡುಮನೆಯ ಕುರ್ಚಿಯಲ್ಲಿ ಕೂತರೆ ಅವಳು ಏಳುವುದು ಊಟಕ್ಕೇ.

ಅವಳ ಕೆಲಸ ಏನೆಂದು ಮನೆಯವರಿಗೆ ತಿಳಿಯಲು ಆರು ತಿಂಗಳು ಹಿಡಿಯಿತು. ಹಾಸನದಲ್ಲಿ ಸುದರ್ಶನ್ ಎಂಬವರು ಒಂದು ಪಾಡ್‌ಕಾಸ್ಟ್ ನಡೆಸುತ್ತಿದ್ದರು. ನಿವೃತ್ತ ಮೇಷ್ಟ್ರು, ದನದ ಡಾಕ್ಟರು, ಆಲೂಗಡ್ಡೆ ಬೆಳೆದವರು, ಹೀಗೆ ಯಾರನ್ನಾದರೂ ಮೈಕಿನ ಮುಂದೆ ಕೂರಿಸಿ ಮೂರು ಗಂಟೆ ಮಾತಾಡಿಸುವುದು. ಆ ಮೂರು ಗಂಟೆಯ ಮಾತು ಭವ್ಯಶ್ರೀಯ ಲ್ಯಾಪ್‌ಟಾಪಿಗೆ ಬರುತ್ತಿತ್ತು. ಅವಳು ಅದನ್ನು ನಾಲ್ಕು ಎಪಿಸೋಡ್ ಮಾಡಿ, ಒಂದೊಂದು ಎಪಿಸೋಡಿನಿಂದ ಒಂದು ನಿಮಿಷ ಮೀರದ ನಾಲ್ಕೈದು ಕ್ಲಿಪ್ ಕತ್ತರಿಸಿ ವಾಪಸು ಕಳಿಸಬೇಕು. ಎಪಿಸೋಡು ನೋಡುವವರು ಕೆಲವರು, ಕ್ಲಿಪ್ಪು ನೋಡುವವರು ಊರಿಗೆ ಊರೇ.

“ಅಂದ್ರೆ ಜನ ಆಡಿದ್ ಮಾತ್ನ ಕುಯ್ಯೋದು,” ಎಂದ ರಾಮಣ್ಣ ಒಂದು ಮಧ್ಯಾಹ್ನ ಮುದ್ದೆ ಮುರಿಯುತ್ತಾ.

“ಹೂಂ ಮಾವ. ಬೇಡದ್ದು ತೆಗೆದು ಬೇಕಾದ್ದು ಉಳಿಸೋದು.”

“ಬೇಕಾದ್ದು ಯಾವ್ದು, ಬ್ಯಾಡದ್ದು ಯಾವ್ದು ಅಂತ ಯಾರ್ ಯೇಳ್ತಾರೆ?”

“ಯಾರೂ ಹೇಳಲ್ಲ, ನಾನೇ ನೋಡ್ಕೋತೀನಿ.”

“ನಂಗೂ ಇಂಗೆ ಕುಂತ್ಕಂಡ್ ಕುಯ್ಯೋ ಕೆಲ್ಸ ಇದ್ದಿದ್ರೆ ಸೊಂಟನಾರ ಉಳಿಯೋದು,” ಎಂದಳು ರೂಪಶ್ರೀ, ಉಪ್ಸಾರು ಬಡಿಸುತ್ತಾ. “ಹುಲ್ಲು ಕುಯ್ಯಾಕೂ ಬಗ್ಬೇಕು, ಸೊಪ್ಪು ಕುಯ್ಯಾಕೂ ಬಗ್ಬೇಕು.”

ಭವ್ಯಶ್ರೀ ತಲೆಯೆತ್ತಲಿಲ್ಲ. ಅಕ್ಕನಿಗೆ ತನ್ನ ಕುರ್ಚಿಯ ಮೇಲೆ ಕಣ್ಣು ಎಂದು ಅವಳಿಗೆ ಗೊತ್ತಿತ್ತು. ತನ್ನ ಕಣ್ಣು ಎಲ್ಲಿದೆ ಎಂದು ಅಕ್ಕನಿಗೆ ಗೊತ್ತಿಲ್ಲವಲ್ಲ ಎನ್ನುವುದೇ ಅವಳಿಗಿದ್ದ ಸಮಾಧಾನ.

ಅವಳ ಕಣ್ಣಿದ್ದದ್ದು ಹಿತ್ತಲ ಜಗಲಿಯ ಮೇಲೆ. ಊಟವಾದ ಮೇಲೆ ಅತ್ತೆ ಜಯಲಕ್ಷ್ಮಮ್ಮ ಅಲ್ಲಿ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಾ ಒಂದು ಸೋಬಾನೆ ಪದ ಎತ್ತಿದರೆ, ಪಕ್ಕದಲ್ಲಿ ಕೂತ ರೂಪಶ್ರೀ ಅದೇ ಸಾಲನ್ನು ಹಿಂದೆ ಹೇಳುತ್ತಿದ್ದಳು. ಸೋಬಾನೆ ಒಬ್ಬರ ಕೆಲಸವಲ್ಲ. ಒಬ್ಬರು ಮುಂದೆ ಹೇಳಬೇಕು, ಇನ್ನೊಬ್ಬರು ಹಿಂದೆ ಹೇಳಬೇಕು. ಸುತ್ತಲ ಹತ್ತು ಊರಿನಲ್ಲಿ ಮದುವೆಯಾದರೂ ಹಸೆಗೆ ಕರೆಯಲು ಈ ಅತ್ತೆ ಸೊಸೆಯೇ ಬೇಕು. ನಡುನಡುವೆ ಪದ ನಿಲ್ಲಿಸಿ ಇಬ್ಬರೂ ಯಾವುದೋ ಮದುವೆಮನೆಯ ಸಂಗತಿ ನೆನೆದು ನಗುವುದು ಹೆಡ್‌ಫೋನ್ ದಾಟಿಯೂ ಕೇಳಿಸುತ್ತಿತ್ತು. ಭವ್ಯಶ್ರೀ ಎದ್ದು ಹೋಗಿ ತಾನೂ ನಾಲ್ಕು ಕಾಯಿ ಸುಲಿದರೆ ಅತ್ತೆ “ನೀನ್ ಯಾಕವ್ವ, ಓಗು, ನಿನ್ ಕೆಲ್ಸ ನೋಡ್ಕ” ಎನ್ನುತ್ತಿದ್ದರು. ಆ ಮಾತಿನಲ್ಲಿ ಪ್ರೀತಿಯೇ ಇತ್ತು. ಆದರೂ ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

ಜನವರಿಯಲ್ಲಿ ಸುದರ್ಶನ್ ಫೋನು ಮಾಡಿ, ಹಳೆಯ ಮದುವೆ ಪದ ಬಲ್ಲವರು ಯಾರಾದರೂ ಇದ್ದರೆ ಹೇಳಮ್ಮ ಎಂದಾಗ ಭವ್ಯಶ್ರೀ ಎರಡು ಸಲ ಯೋಚಿಸಲಿಲ್ಲ. “ನಮ್ಮತ್ತೆ ಇದ್ದಾರೆ ಸಾರ್” ಎಂದಳು. ಅತ್ತೆಯನ್ನು ಮೈಕಿನ ಮುಂದೆ ಕೂರಿಸುವುದು ತಾನು, ಅತ್ತೆಗೆ ಹೆಸರು ಬಂದರೆ ಅದು ತನ್ನ ಕೈಯಿಂದ ಬಂದದ್ದು. ಆಮೇಲೆ ಆ ಜಗಲಿಯಲ್ಲಿ ತನಗೂ ಒಂದು ಜಾಗ ಸಿಕ್ಕೇ ಸಿಗುತ್ತದೆ ಎಂಬುದು ಅವಳ ಎಣಿಕೆ.

ಸುದರ್ಶನ್ ಒಂದು ಭಾನುವಾರ ಮೈಕು, ದೀಪ, ಎರಡು ಕ್ಯಾಮೆರಾ ಹೊತ್ತುಕೊಂಡು ಬಂದರು. ಜಯಲಕ್ಷ್ಮಮ್ಮ ರೇಷ್ಮೆ ಸೀರೆ ಉಟ್ಟು ತಯಾರಾದವರು, ಕುರ್ಚಿ ಒಂದೇ ಇರುವುದನ್ನು ನೋಡಿ ನಿಂತುಬಿಟ್ಟರು.

“ರೂಪ ಎಲ್ಲಿ?”

“ಅಕ್ಕ ಕೊಟ್ಟಿಗೇಲಿದ್ದಾರೆ ಅತ್ತೆ. ನೀವು ಹೇಳಿ, ಸಾಕು.”

“ಅವ್ಳಿಲ್ದೆ ನಾನ್ ಪದ ಯೇಳದು ಎಂಗವ್ವ? ಕರಿ ಅವ್ಳ್ನ.”

ರೂಪಶ್ರೀ ಕೈತೊಳೆದು, ಸೀರೆ ಬದಲಿಸಿ, ಮುಖಕ್ಕೆ ಒಂದಿಷ್ಟು ಪೌಡರು ಹಾಕಿಕೊಂಡು ಬಂದಳು. ಅತ್ತೆಯ ಮುಂದೆ ಒಂದು ಕ್ಯಾಮೆರಾ, ಅವಳ ಮುಂದೆ ಒಂದು. ಎರಡು ಮುಕ್ಕಾಲು ಗಂಟೆ ಇಬ್ಬರೂ ಹೇಳಿದರು, ಎಣ್ಣೆ ಶಾಸ್ತ್ರದ ಪದ, ಹಸೆಗೆ ಕರೆಯುವ ಪದ, ಕಡೆಗೆ ಹೆಣ್ಣೊಪ್ಪಿಸುವ ಪದ. ಸುದರ್ಶನ್ ಊಟ ಮಾಡಿ, ಒಬ್ಬಟ್ಟು ಕಟ್ಟಿಸಿಕೊಂಡು ಹೋದರು.

ಸೋಮವಾರ ಭವ್ಯಶ್ರೀ ಕತ್ತರಿಸಲು ಕೂತಳು. ಕಷ್ಟ ಆಗಲೇ ಗೊತ್ತಾಯಿತು. ಪ್ರತಿ ಸಾಲೂ ಎರಡು ಸಲ. ಅತ್ತೆ ಒಂದು ಸಲ, ಅಕ್ಕ ಒಂದು ಸಲ. ಒಂದು ನಿಮಿಷದ ಕ್ಲಿಪ್ಪಿನಲ್ಲಿ ಎರಡು ನುಡಿಗಿಂತ ಹೆಚ್ಚು ಹಿಡಿಯುವುದಿಲ್ಲ. ಅದಲ್ಲದೆ ಅಕ್ಕ ಪ್ರತಿ ಸಾಲಿನ ಕೊನೆಗೆ ಬಾಯೊಳಗೆ ಏನೋ ಗುಣುಗುತ್ತಿದ್ದಳು, ಮೈಕಿನಲ್ಲಿ ಅದು ಬರೀ ಗದ್ದಲ. ಎರಡು ಸಲ ಬಂದದ್ದನ್ನು ಒಂದು ಸಲ ಮಾಡುವುದು, ಗದ್ದಲ ತೆಗೆಯುವುದು, ದಿನಾ ಮಾಡುವ ಕೆಲಸವೇ. ದನದ ಡಾಕ್ಟರರ ಎಷ್ಟು ಕೆಮ್ಮನ್ನು ಅವಳು ಹೀಗೆ ತೆಗೆದಿಲ್ಲ.

ಮೊದಲನೇ ಸಾಲು ತೆಗೆಯುವಾಗ ಅವಳ ಮನಸ್ಸಿನಲ್ಲಿ ಇದ್ದದ್ದು ನಿಮಿಷದ ಲೆಕ್ಕವೇ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಲೆಕ್ಕ ಮರೆತುಹೋಗಿತ್ತು. ರೂಪಶ್ರೀಯ ದನಿ ಇರುವ ಗೆರೆಯನ್ನು ಗುರುತು ಮಾಡಿ ಅಳಿಸುವುದು, ಮುಂದಿನದು ಗುರುತು ಮಾಡಿ ಅಳಿಸುವುದು. ಹದಿನಾಲ್ಕು ವರ್ಷ ಅತ್ತೆಯ ಪಕ್ಕ ಕೂತವಳು ಅರ್ಧ ಗಂಟೆಯಲ್ಲಿ ಎದ್ದುಹೋದಳು. ನಿಜ ಹೇಳಬೇಕೆಂದರೆ ಭವ್ಯಶ್ರೀಗೆ ಅದು ಹಿತವಾಗಿತ್ತು, ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರು ಹೊರಬಂದ ಹಾಗೆ.

ಸಿಕ್ಕಿದ ಜಾಗದಲ್ಲಿ ಒಳ್ಳೊಳ್ಳೆಯ ಸಾಲು ಕೂಡಿಸಿದಳು. ಹಸೆಗೆ ಕರೆಯುವ ಪದದ ಮೊದಲ ಎರಡು ನುಡಿ, “ಹಾಲಲ್ಲಿ ತೊಳೆದ ಹೊಸಲ ದಾಟಿ ಬಾರವ್ವ” ಎಂದು ಶುರುವಾಗುವುದು. ಅದಕ್ಕೆ ಅಂಟಿಸಿ ಹೆಣ್ಣೊಪ್ಪಿಸುವ ಪದದ ಒಂದು ನುಡಿ, “ತಿರುಗಿ ನೋಡದೆ ನಡಿಯವ್ವ ಮಗಳೆ” ಎನ್ನುವುದು. ಎರಡಕ್ಕೂ ಧಾಟಿ ಒಂದೇ, ಅಂಟು ಕಾಣಲಿಲ್ಲ. ಕೆಳಗೆ ಹೆಸರು ಹಾಕಿದಳು: ಜಯಲಕ್ಷ್ಮಮ್ಮ, ಹಳ್ಳಿಮೈಸೂರು.

ನಾಲ್ಕು ದಿನದಲ್ಲಿ ಅದನ್ನು ನಾಲ್ಕು ಲಕ್ಷ ಜನ ನೋಡಿದರು.

ರೂಪಶ್ರೀ ಅದನ್ನು ನೋಡಿದ್ದು ಡೈರಿಯಲ್ಲಿ, ಬೇರೆಯವರ ಫೋನಿನಲ್ಲಿ. ಹಾಲಿನ ಕ್ಯಾನು ಹಿಡಿದುಕೊಂಡೇ ಮೂರು ಸಲ ನೋಡಿದಳು. ಕ್ಲಿಪ್ಪಿನ ಅಂಚಿನಲ್ಲಿ ಹಸಿರು ಬಳೆ ತೊಟ್ಟ ಒಂದು ಮೊಣಕೈ ಇತ್ತು, ಅಷ್ಟೇ. ಪಕ್ಕದಲ್ಲಿದ್ದ ಮುದುಕಿ ದೊಡ್ಡತಾಯಮ್ಮ ಕನ್ನಡಕ ಸರಿಮಾಡಿಕೊಂಡು, “ಇದೇನವ್ವ, ಹಸೆಗೆ ಕರ್ದ್ ಗಳಿಗೆಗೇ ಹೆಣ್ಣ ಕಳುಸ್ಬುಟ್ರಲ್ಲ ನಿಮ್ಮತ್ತೆ” ಎಂದಳು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮನೆಗೆ ಬಂದು ಕ್ಯಾನು ಇಟ್ಟವಳೇ ಕೇಳಿದಳು. “ಭವ್ಯ, ನಾನೆಲ್ಲೇ?”

“ಎಲ್ಲಿ ಅಕ್ಕ?”

“ಅದ್ರಾಗೆ. ಬೆಳಿಗ್ಗಿಂದ ಬಾಯಿ ಒಣುಗ್ಸ್ಕಂಡ್ ಕುಂತಿದ್ನಲ್ಲ. ನನ್ ಮೊಣಕೈ ಬಂದದೆ.”

“ಟೈಮ್ ಸಾಲಲಿಲ್ಲ ಅಕ್ಕ. ನೀವು ಅತ್ತೆ ಹೇಳಿದ್ದನ್ನೇ ಹೇಳ್ತೀರಲ್ಲ, ಅದಕ್ಕೆ ಒಂದು ಸಲ ಸಾಕು ಅಂತ...”

ರೂಪಶ್ರೀ ಅತ್ತೆಯ ಮುಖ ನೋಡಿದಳು. ಜಯಲಕ್ಷ್ಮಮ್ಮ ಆ ಹೊತ್ತಿಗೆ ಫೋನನ್ನು ಮೂಗಿನ ಹತ್ತಿರ ಹಿಡಿದುಕೊಂಡು ತಮ್ಮನ್ನೇ ನೋಡಿಕೊಳ್ಳುತ್ತಿದ್ದರು. ಅರವತ್ತಮೂರು ವರ್ಷಕ್ಕೆ ಮೊದಲ ಸಲ ಲೋಕ ಅವರ ಮುಖ ನೋಡಿತ್ತು. ಅವರು ಹೇಳಬಾರದ ಒಂದು ಮಾತು ಹೇಳಿದರು.

“ಮುಂದೆ ಯೇಳೋರ್ನ ತಾನೆ ತೋರ್ಸದು? ಅದ್ಕೇನ್ ಬುಡವ್ವ.”

ರೂಪಶ್ರೀ ಅಡುಗೆಮನೆಗೆ ಹೋದಳು. ಅವತ್ತು ಸಾರಿಗೆ ಉಪ್ಪು ಹಾಕುವುದನ್ನು ಮರೆತಳು, ಅಥವಾ ಬೇಕೆಂದೇ ಬಿಟ್ಟಳು. ಯಾರಿಗೂ ಕೇಳುವ ಧೈರ್ಯವಾಗಲಿಲ್ಲ.

ಆಮೇಲಿನ ದಿನಗಳಲ್ಲಿ ಜಯಲಕ್ಷ್ಮಮ್ಮ ಮನೆಯೊಳಗೂ ಇಸ್ತ್ರಿ ಸೀರೆ ಉಡತೊಡಗಿದರು. ಚನ್ನರಾಯಪಟ್ಟಣದ ಮಹಿಳಾ ಸಂಘದವರು ಫೋನು ಮಾಡಿ ನಿಮಗೆ ಶಾಲು ಹೊದಿಸಬೇಕು ಎಂದರು. ಬಂದುಹೋಗುವವರೆಲ್ಲ ಅದೇ ಎರಡು ನುಡಿ ಹೇಳಿಸಿಕೊಂಡು ಹೋದರು. ರಾಮಣ್ಣ ಕೂಡ ಕಾಫಿ ಕುಡಿಯುತ್ತಾ, “ನಲವತ್ತು ವರ್ಸದಿಂದ ಕೇಳಿದ್ರೂ ನಂಗೊತ್ತೇ ಆಗ್ಲಿಲ್ವಲ್ಲೇ, ನಿನ್ ಗಂಟ್ಲು ಚೆನ್ನಾಗದೆ” ಎಂದ. ಹೆಂಡತಿಯನ್ನು ಅವನು ಹೊಗಳಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಜಗಳ ಹತ್ತಿಕೊಂಡದ್ದು ಮಿಕ್ಸಿಯಿಂದ. ನಡುಮನೆಯಲ್ಲಿ ನೆಟ್ಟಗಿರುವ ಪ್ಲಗ್ಗು ಒಂದೇ, ಅದರಲ್ಲಿ ವೈಫೈ ಪೆಟ್ಟಿಗೆ. ಭವ್ಯಶ್ರೀ ಬೆಳಿಗ್ಗೆಯಿಂದ ಒಂದು ಎಪಿಸೋಡನ್ನು ಸುದರ್ಶನ್ ಅವರಿಗೆ ಕಳಿಸುತ್ತಿದ್ದಳು. ಹಳ್ಳಿಯ ನೆಟ್ಟು, ಮೂರು ಗಂಟೆಯಲ್ಲಿ ನೂರಕ್ಕೆ ತೊಂಬತ್ತು ಭಾಗ ಹೋಗಿತ್ತು. ರೂಪಶ್ರೀ ಬಂದು ವೈಫೈ ಕಿತ್ತು, ಮಿಕ್ಸಿ ಸಿಕ್ಕಿಸಿ ಮಸಾಲೆ ರುಬ್ಬಿದಳು.

“ಅಕ್ಕ, ಒಂದ್ ಮಾತು ಕೇಳಬಾರ್ದಾ? ಎಲ್ಲಾ ಮೊದಲಿಂದ ಮಾಡ್ಬೇಕು ಈಗ.”

“ಮಧ್ಯಾನ್ಕೆ ನೆಂಟ್ರು ಬತ್ತಾವ್ರೆ, ಮಸಾಲೆ ಆಗ್ಬೇಕಲ್ಲ.”

“ಅಡುಗೆಮನೇಲಿ ಪ್ಲಗ್ಗಿಲ್ವಾ?”

“ಅದೆ.”

“ಮತ್ತೆ?”

“ಬೇಕಂತ್ಲೇ ಕಿತ್ತೆ,” ಎಂದಳು ರೂಪಶ್ರೀ, ಮಿಕ್ಸಿಯ ಮುಚ್ಚಳ ಹಿಡಿದುಕೊಂಡೇ. “ಇದೇ ಮೊದ್ಲಲ್ಲ. ಸಂಕ್ರಾಂತಿ ಮುಂದ್ಲ ದಿನನೂ ಕಿತ್ತಿದ್ದೆ. ನೀನ್ ನನ್ನ ಕಿತ್ತಾಕ್ಲಿಲ್ವಾ? ನಾನು ಪೆಟ್ಟಿಗೆ ಕಿತ್ತೆ.”

“ಅದು ಕೆಲಸ ಅಕ್ಕ.”

“ಇದೂ ಕೆಲ್ಸನೇ. ಎಂಟ್ ಜನದ್ ಊಟ. ಇದ್ನ ಯಾರೂ ನಾಕ್ ಲಕ್ಸ ಜನ ನೋಡಲ್ಲ ಅಷ್ಟೇಯ.”

ನಟರಾಜು ತೋಟದಿಂದ ಬಂದವನು ಬಾಗಿಲಲ್ಲೇ ನಿಂತ. “ಏನ್ಲೇ ಅದು, ದನ ಬೆದ್ರಂಗೆ?” ಎಂದು ಹೆಂಡತಿಯನ್ನು ಗದರಿದ.

“ನೀನ್ ಸುಮ್ಕಿರು. ನಿಮ್ಮಮ್ಮ ದೊಡ್ಡೋರಾಗವ್ರೆ, ನಿನ್ ತಮ್ಮನ್ ಎಂಡ್ರು ದೊಡ್ಡೋಳಾಗವ್ಳೆ. ನಾನ್ ಬರೀ ಯೇಳಿದ್ದೇ ಯೇಳೋಳು. ಆಗ್ಲಿ. ಮಾರ್ಚ್ ತಿಂಗ್ಳು ಅರಕಲಗೂಡ್ಗೆ ಮದ್ವೆಗೆ ಓಯ್ತೀವಲ್ಲ, ಅಲ್ಲಿ ಒಬ್ರೇ ಯೇಳ್ಕಳ್ಲಿ.”

ಅರಕಲಗೂಡಿನ ಮದುವೆ ಎಂದರೆ ಜಯಲಕ್ಷ್ಮಮ್ಮನ ತಮ್ಮ ಚಂದ್ರಯ್ಯನ ಮಗಳದು. ಅತ್ತೆ ಅಡುಗೆಮನೆಯೊಳಗೆ ಈ ಮಾತನ್ನು ಕೇಳಿಸಿಕೊಂಡರು. ಹೊರಗೆ ಬಂದು ಸೊಸೆಯ ಕೈ ಹಿಡಿದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಶಾಲು ಹೊದಿಸುತ್ತೇವೆ ಎಂದವರ ಮಾತು ಇನ್ನೂ ಕಿವಿಯಲ್ಲಿತ್ತು. “ಓಗ್ಲಿ ಬುಡು. ಭವ್ಯ ಇಲ್ವಾ, ಅವ್ಳೇ ಯೇಳ್ತಾಳೆ” ಎಂದುಬಿಟ್ಟರು.

ಹೀಗೆ ಭವ್ಯಶ್ರೀಗೆ ಜಗಲಿ ಸಿಕ್ಕಿತು.

ಫೆಬ್ರವರಿ ಪೂರ್ತಿ ಅವಳು ಮಧ್ಯಾಹ್ನ ಅತ್ತೆಯ ಪಕ್ಕ ಕೂತಳು. ಹಾಡು ಬಾರದವಳು ಎಂದು ಮನೆಯವರು ತಿಳಿದಿದ್ದರು, ಆದರೆ ಅಕ್ಕನ ಒಂದೊಂದು ಸಾಲನ್ನೂ ಅಳಿಸುವ ಮುಂಚೆ ಅವಳು ಹತ್ತು ಹತ್ತು ಸಲ ಕೇಳಿದ್ದಳಲ್ಲ. ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎಲ್ಲ ಬರುತ್ತಿತ್ತು. ಅತ್ತೆಗೆ ಆಶ್ಚರ್ಯ. “ಕಣ್ ಮುಚ್ಕಂಡ್ರೆ ರೂಪನೇ ಕಣವ್ವ” ಎಂದರು. ಅತ್ತೆ ಹೇಳುತ್ತಿದ್ದುದೂ ಬಂದವರೆಲ್ಲ ಕೇಳುವ ಆ ಎರಡು ನುಡಿಗಳನ್ನೇ. ಮುಂದಿನದು ಆಮೇಲೆ ನೋಡೋಣ ಎನ್ನುತ್ತಿದ್ದರು. ನಗು ಬರುವ ಸಂಗತಿಗಳನ್ನು ಈಗ ಭವ್ಯಶ್ರೀಗೆ ಹೇಳುತ್ತಿದ್ದರು. ರೂಪಶ್ರೀ ಹಿತ್ತಲಿಗೆ ಬಂದರೆ ಸೊಪ್ಪು ತೆಗೆದುಕೊಂಡು ಮುಖ ತಿರುಗಿಸಿ ಹೋಗುತ್ತಿದ್ದಳು. ಅವಳ ಬೆನ್ನು ನೋಡಿದಾಗಲೆಲ್ಲ ಭವ್ಯಶ್ರೀಗೆ ಒಳಗೊಳಗೇ ಸಂತೋಷವಾಗುತ್ತಿತ್ತು. ನಾಚಿಕೆಯೂ ಆಗುತ್ತಿತ್ತು, ಸಂತೋಷ ಹೆಚ್ಚಿತ್ತು.

ಮದುವೆ ಮಾರ್ಚ್ ಎರಡನೇ ವಾರ, ಅರಕಲಗೂಡಿನ ಒಂದು ಛತ್ರದಲ್ಲಿ. ಜಯಲಕ್ಷ್ಮಮ್ಮ ಒಳಗೆ ಬಂದದ್ದೇ ಹುಡುಗಿಯರು ಸೆಲ್ಫಿಗೆ ಮುತ್ತಿದರು. ಚಂದ್ರಯ್ಯ ತನ್ನ ಅಕ್ಕನಿಗೆಂದು ಮೈಕು ಇಡಿಸಿದ್ದ. ಹಸೆಯ ಪಕ್ಕ ಜಮಖಾನದ ಮೇಲೆ ಅತ್ತೆ ಕೂತರು, ಬಲಗಡೆ ಭವ್ಯಶ್ರೀ. ದೇವರಾಜ ಎದುರಿಗೆ ಫೋನು ಹಿಡಿದು ನಿಂತ. ರೂಪಶ್ರೀ ಪಕ್ಕದ ಉಗ್ರಾಣದ ಕೋಣೆಯಲ್ಲಿ ಆರತಿ ತಟ್ಟೆಗೆ ಅರಿಶಿನದ ನೀರು ಕದಡುತ್ತಾ ಇದ್ದುಬಿಟ್ಟಳು. ಹೊರಗೆ ಬರುವುದಿಲ್ಲವೆಂದು ಗಂಡನಿಗೆ ಮೊದಲೇ ಹೇಳಿದ್ದಳು.

ಪುರೋಹಿತರು ಹೆಣ್ಣು ಕರೀರಿ ಎಂದರು. ಅತ್ತೆ ಪದ ಎತ್ತಿದರು, “ಹಾಲಲ್ಲಿ ತೊಳೆದ ಹೊಸಲ ದಾಟಿ ಬಾರವ್ವ.” ಭವ್ಯಶ್ರೀ ಹಿಂದೆ ಹೇಳಿದಳು. ಛತ್ರದ ತುಂಬ ಅವಳ ದನಿ ಹೋಯಿತು. ಮೊದಲ ನುಡಿ ಮುಗಿಯಿತು, ಎರಡನೆಯದು ಮುಗಿಯಿತು. ಹೆಣ್ಣು ಬರಲಿಲ್ಲ. ಬ್ಯೂಟಿಷಿಯನ್ ಇನ್ನೂ ಜಡೆಗೆ ಹೂವು ಚುಚ್ಚುತ್ತಿದ್ದಾಳಂತೆ, ಐದು ನಿಮಿಷ ಎಂದು ಯಾರೋ ಬಂದು ಹೇಳಿದರು. ಹೆಣ್ಣು ಹಸೆ ಮುಟ್ಟುವವರೆಗೆ ಪದ ನಿಲ್ಲಿಸುವಂತಿಲ್ಲ.

ಅತ್ತೆ ಮೂರನೇ ನುಡಿಗೆ ಬಾಯಿ ತೆರೆದರು. ತೆರೆದ ಬಾಯಿ ಹಾಗೇ ಇತ್ತು. ಅವರು ತಲೆಯನ್ನು ಸ್ವಲ್ಪ ಬಲಕ್ಕೆ ಓಲಿಸಿ ಭವ್ಯಶ್ರೀಯ ಕಡೆಗೆ ಕಿವಿ ಕೊಟ್ಟರು.

ಆಗ ಭವ್ಯಶ್ರೀಗೆ ತಿಳಿಯಿತು. ಅಕ್ಕ ಪ್ರತಿ ಸಾಲಿನ ಕೊನೆಗೆ ಬಾಯೊಳಗೆ ಗುಣುಗುತ್ತಿದ್ದದ್ದು ಗದ್ದಲವಲ್ಲ. ಮುಂದಿನ ಸಾಲಿನ ಮೊದಲ ಮಾತು ಅದು. ಅತ್ತೆಗೆ ಪದ ನೆನಪಿಲ್ಲ. ತಾನು ಒಂದೊಂದಾಗಿ ಗುರುತು ಮಾಡಿ ಅಳಿಸಿದ್ದು ಅದನ್ನೇ.

ಅತ್ತೆಯ ಕಿವಿ ಕಾಯುತ್ತಿತ್ತು. ಮೈಕಿನಲ್ಲಿ ಉಸಿರಿನ ಸದ್ದು ಬರುತ್ತಿತ್ತು. ಭವ್ಯಶ್ರೀಗೆ ಎರಡನೇ ನುಡಿಯ ಮುಂದೆ ಗೊತ್ತಿದ್ದದ್ದು ಒಂದೇ, ಅವಳೇ ಕೂಡಿಸಿದ ಕ್ಲಿಪ್ಪಿನಲ್ಲಿ ಮುಂದೆ ಬರುವುದು. ಗಾಬರಿಯಲ್ಲಿ ಅದನ್ನೇ ಪಿಸುಗುಟ್ಟಿದಳು. ಪಕ್ಕದವಳು ಕಿವಿಗೆ ಹಾಕಿದ್ದನ್ನು ಹಿಡಿದು ಮೇಲಕ್ಕೆತ್ತುವುದು ಅತ್ತೆಗೆ ಅಭ್ಯಾಸವಾಗಿಹೋಗಿತ್ತು. ಎತ್ತಿಬಿಟ್ಟರು.

“ತಿರುಗಿ ನೋಡದೆ ನಡಿಯವ್ವ ಮಗಳೆ...”

ಹೆಣ್ಣಿನ ತಾಯಿ ಎದೆಗೆ ಕೈ ಇಟ್ಟುಕೊಂಡಳು. “ಇನ್ನೂ ತಾಳಿನೇ ಬಿದ್ದಿಲ್ಲ, ಆಗ್ಲೇ ಒಪ್ಪುಸ್ತಾವ್ರಲ್ಲ” ಎಂದು ಗಂಡಿನ ಕಡೆಯ ಒಬ್ಬ ಹೆಂಗಸು ಎಲ್ಲರಿಗೂ ಕೇಳುವ ಹಾಗೆ ಅಂದಳು. ಜಯಲಕ್ಷ್ಮಮ್ಮ ಏನು ಹೇಳಿದೆನೆಂದು ಅರಿತು ಸೆರಗು ಬಾಯಿಗೆ ತಂದುಕೊಂಡರು. ಮತ್ತೆ ಬಲಕ್ಕೆ ತಿರುಗಿದರು, ಆದರೆ ಕೊಡಲು ಭವ್ಯಶ್ರೀಯ ಹತ್ತಿರ ಇನ್ನೊಂದು ಸಾಲು ಇರಲಿಲ್ಲ.

ಉಗ್ರಾಣದ ಒಳಗಿನಿಂದ ದನಿ ಬಂತು. ಮೈಕಿಲ್ಲದೆ ಬಂದದ್ದು.

“ಏಳು ಸುತ್ತಿನ ಮಲ್ಲಿಗೆ ಮುಡಿದು ಬಾರವ್ವ, ಎಳೆಬಾಳೆ ಕಂಬ ಕಾದಾವೆ...”

ರೂಪಶ್ರೀ ಆರತಿ ತಟ್ಟೆ ಹಿಡಿದು ಹೊರಗೆ ಬಂದಳು. ಅವಳು ಅತ್ತೆಯ ಕಡೆ ನೋಡಲಿಲ್ಲ, ಭವ್ಯಶ್ರೀಯ ಕಡೆಯೂ ನೋಡಲಿಲ್ಲ. ಹೆಣ್ಣಿನ ಕೋಣೆಯ ಬಾಗಿಲು ನೋಡುತ್ತಾ ಹೇಳುತ್ತಾ ಹೋದಳು. ಜಯಲಕ್ಷ್ಮಮ್ಮ ಸೆರಗು ಕೆಳಗಿಳಿಸಿ, ನಲವತ್ತು ವರ್ಷದಲ್ಲಿ ಮೊದಲ ಸಲ ಇನ್ನೊಬ್ಬರ ಸಾಲನ್ನು ಹಿಂದೆ ಹೇಳಿದರು. ಹೆಣ್ಣು ಬಂತು. ಆರು ನುಡಿ ಆಯಿತು. ಅಷ್ಟು ಹೊತ್ತೂ ಇಬ್ಬರ ನಡುವೆ ಭವ್ಯಶ್ರೀ ಬಾಯಿ ಮುಚ್ಚಿಕೊಂಡು ಕೂತಿದ್ದಳು, ಏಳಲೂ ಆಗದೆ.

ವಾಪಸು ಬರುವಾಗ ಟೆಂಪೋದಲ್ಲಿ, ಊರು ಹತ್ತಿರವಾದಾಗ ಜಯಲಕ್ಷ್ಮಮ್ಮ ಕಿಟಕಿಯ ಕಡೆ ನೋಡಿಕೊಂಡೇ ಹೇಳಿದರು.

“ಐದು ವರ್ಸ ಆಯ್ತು ನಂಗೆ ನೆಪ್ಪಿಲ್ದೆ. ರೂಪಂಗೊಬ್ಳಿಗೇ ಗೊತ್ತಿದ್ದದ್ದು. ಯಾರ್ಗೂ ಯೇಳ್ಲಿಲ್ಲ ಅವ್ಳು.”

“ನೀವಾದ್ರೂ ಹೇಳಬಾರ್ದಿತ್ತಾ ಅತ್ತೆ?” ಎಂದಳು ಭವ್ಯಶ್ರೀ.

“ಎಂಗವ್ವ ಯೇಳದು? ನಾಕ್ ಲಕ್ಸ ಜನ ನೋಡವ್ರೆ ಅಂತ ನೀನೇ ಯೇಳ್ತಿದ್ದೆ.”

ಮಾರನೆಯ ದಿನ ಮಧ್ಯಾಹ್ನ ಜಗಲಿಯಲ್ಲಿ ಮತ್ತೆ ಅತ್ತೆ, ರೂಪಶ್ರೀ. ಭವ್ಯಶ್ರೀ ಕುರ್ಚಿಗೆ ಹೋದಳು. ಯಾರೂ ಅವಳನ್ನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿದ್ದಳು. ರಾಮಣ್ಣನಿಗೆ ಬಿಸಿ ಮುದ್ದೆ ಬಿತ್ತು.

ದೇವರಾಜ ಮದುವೆಯ ವಿಡಿಯೋವನ್ನು ಅಂಗಡಿಯಲ್ಲಿ ಯಾರಿಗೋ ತೋರಿಸಿ, ಅದು ಹೇಗೋ ಸುದರ್ಶನ್ ಅವರ ತನಕ ಹೋಯಿತು. ಅವರು ಫೋನು ಮಾಡಿದರು. “ತಟ್ಟೆ ಹಿಡ್ಕೊಂಡು ಬರ್ತಾರಲ್ಲ, ಅವತ್ತು ಹಿಂದೆ ಹೇಳಿದವರೇ ಅಲ್ವೇನಮ್ಮ? ಅದನ್ನೊಂದು ಕ್ಲಿಪ್ ಮಾಡಿಕೊಡು. ಅದು ಮೊದಲಿನದಕ್ಕಿಂತ ಓಡುತ್ತೆ.”

ಭವ್ಯಶ್ರೀ ಎರಡು ದಿನ ಅದನ್ನು ತೆರೆಯಲಿಲ್ಲ. ಸಿಗ್ನಲ್ ಇಲ್ಲ ಎಂದಳು, ತಲೆನೋವು ಎಂದಳು. ಮೂರನೇ ದಿನ ತೆರೆದಳು. ಕೋಣೆಯಿಂದ ಹೊರಬರುವ ಅಕ್ಕ ನಿಜಕ್ಕೂ ಚೆನ್ನಾಗಿ ಕಾಣುತ್ತಿದ್ದಳು. ಅದನ್ನು ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತಿತ್ತು. ಆದರೂ ಈ ಸಲ ಅವಳು ಏನನ್ನೂ ಅಳಿಸಲಿಲ್ಲ. ರೂಪಶ್ರೀ ಹೇಳಿದ ಸಾಲು, ಅತ್ತೆ ಹಿಂದೆ ಹೇಳಿದ ಸಾಲು, ಹೇಗಿತ್ತೋ ಹಾಗೇ ಒಂದು ನಿಮಿಷ ಕತ್ತರಿಸಿದಳು. ಕೆಳಗೆ ಹೆಸರು ಹಾಕುವಾಗ ಬೆರಳು ಸ್ವಲ್ಪ ನಿಂತಿತು. ಹಾಕಿದಳು: ರೂಪಶ್ರೀ, ಜಯಲಕ್ಷ್ಮಮ್ಮ, ಹಳ್ಳಿಮೈಸೂರು. ಮೊದಲು ರೂಪಶ್ರೀ.

“ಅಕ್ಕ, ಕಳಿಸೋಕೆ ಮುಂಚೆ ಒಂದ್ಸಲ ನೋಡಿ” ಎಂದು ಕರೆದಳು.

ರೂಪಶ್ರೀ ಹಿಟ್ಟಿನ ಕೈಯಲ್ಲೇ ಬಂದು ನಿಂತು ನೋಡಿದಳು. ಮುಖ ಬಿಗಿಯಾಗಿಯೇ ಇತ್ತು. ಇನ್ನೊಂದ್ ದಪ ಹಾಕು ಎಂದಳು. ಎರಡನೇ ಸಲ ನೋಡುವಾಗ ತುಟಿ ಸಡಿಲವಾಯಿತು. ಮೂರನೇ ಸಲ ತನ್ನ ಸಾಲುಗಳಿಗೆ ತಾನೇ ತಲೆದೂಗಿದಳು.

“ಇಷ್ಟೇಯಾ? ಎಲ್ಡೇ ನುಡಿ ಅದೆ.”

“ಒಂದು ನಿಮಿಷಕ್ಕೆ ಅಷ್ಟೇ ಹಿಡಿಯೋದು ಅಕ್ಕ.”

ರೂಪಶ್ರೀ ಬಾಗಿಲ ಕಡೆ ನೋಡಿದಳು. ಅತ್ತೆ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಸದ್ದು ಬರುತ್ತಿತ್ತು. ಅವಳು ದನಿ ತಗ್ಗಿಸಿದಳು.

“ಅತ್ತೆ ನಾನ್ ಯೇಳಿದ್ದೇ ಯೇಳವ್ರಲ್ಲ. ಅದ್ನ ತೆಗುದ್ರೆ... ನಂದು ಇನ್ನೆಲ್ಡು ನುಡಿ ಹಿಡಿತದಲ್ವಾ?”

ಭವ್ಯಶ್ರೀ ಅವಳನ್ನು ನೋಡಿದಳು. ಏನೋ ಹೇಳಬೇಕೆನಿಸಿತು, ಹೇಳಲು ತನಗೆ ಬಾಯಿಲ್ಲ ಎಂದೂ ಅನಿಸಿತು. ಜೊತೆಗೆ, ಈ ಮನೆಗೆ ಬಂದ ಎರಡು ವರ್ಷದಲ್ಲಿ ಮೊದಲ ಸಲ ಈ ಹೆಂಗಸು ತನ್ನ ಅಕ್ಕನೇ ಅನಿಸಿತು. ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು.

“ಕೂತ್ಕೊಳ್ಳಿ ಅಕ್ಕ. ಈ ಗೆರೆಯಿಂದ ಈ ಗೆರೆ ತನಕ ಅತ್ತೇದು. ಇಲ್ಲಿ ಒತ್ತಿದ್ರೆ ಹೋಗುತ್ತೆ.”

ರೂಪಶ್ರೀ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಕೂತಳು. ಹೆಡ್‌ಫೋನ್ ಏರಿಸಿಕೊಂಡಳು. ಕಿವಿಯಲ್ಲಿ ಅತ್ತೆಯ ದನಿ, ವಯಸ್ಸಾದ ದನಿ, ತನ್ನ ಮಾತಿಗೆ ಕಾದು ಹಿಂದೆ ಬರುತ್ತಿದ್ದದ್ದು. ಒಂದು ಗಳಿಗೆ ಕೇಳಿದಳು. ಆಮೇಲೆ ಒತ್ತಿದಳು. ಎರಡನೇದು, ಮೂರನೇದು, ನಾಲ್ಕನೇದು. ಕೈ ಬೇಗ ಪಳಗಿತು.

ಜಯಲಕ್ಷ್ಮಮ್ಮ ಎರಡು ಲೋಟ ಕಾಫಿ ಹಿಡಿದು ಬಾಗಿಲಿಗೆ ಬಂದರು. ಸೊಸೆಯರು ಅಷ್ಟು ಹತ್ತಿರ ತಲೆ ಸೇರಿಸಿಕೊಂಡಿದ್ದುದು ಕಂಡು ಅವರ ಮುಖ ಅರಳಿತು.

“ಮದ್ವೇದಾ ಅದು? ನನ್ ದನಿ ಬಂದದಾ ಅದ್ರಾಗೆ?”

“ಬಂದದೆ ಅತ್ತೆ,” ಎಂದಳು ರೂಪಶ್ರೀ.

“ಬಂದಿದೆ ಅತ್ತೆ,” ಎಂದಳು ಭವ್ಯಶ್ರೀ, ಅವಳ ಹಿಂದೆಯೇ.